ರಿವಾಲ್ವರಿಗೆ ಹೊಸ ಸೈಟ್

ಆಗಸ್ಟ್ 23, 2025, ಶನಿವಾರ. ಡಲ್ಲಾಸ್

ಹೊಸ ಫ್ರಂಟ್ ಸೈಟ್ ಅಂಚೆಯಲ್ಲಿ ಬಂತು. ನನ್ನ ಸ್ಮಿತ್ ಆ್ಯಂಡ್ ವೆಸನ್ 686ರಲ್ಲಿ ಈಗಿರುವುದು ಕೆಂಪು ತುಂಡು ಕೂರಿಸಿದ ಇಳಿಜಾರಿನ ಸೈಟ್. ಐವತ್ತು ದಾಟಿದ ಕಣ್ಣಿಗೆ ಆ ಕೆಂಪು ಹರಡಿಕೊಂಡಂತೆ ಕಾಣುತ್ತದೆ, ಮೇಲಂಚು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಗುರಿಹಲಗೆ ಮಸುಕಾದರೆ ಚಿಂತೆಯಿಲ್ಲ, ಮುಂದಿನ ಸೈಟ್ ಮಾತ್ರ ಸ್ಪಷ್ಟವಾಗಿರಬೇಕು. ಅದಕ್ಕೇ ಚೌಕ ಅಂಚಿನ, ಅಚ್ಚ ಕಪ್ಪಿನದು ತರಿಸಿದೆ. ಹಳೆಯದಕ್ಕಿಂತ ತುಸು ಎತ್ತರದ್ದನ್ನೇ ಆರಿಸಿದ್ದೇನೆ.

ಆಗಸ್ಟ್ 24, ಭಾನುವಾರ

ತೋಟಾಗಳನ್ನೆಲ್ಲ ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿಟ್ಟು, ಸಿಲಿಂಡರ್ ತೆರೆದು, ಒಂದೊಂದು ಕುಳಿಯನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೆ ಕೆಲಸಕ್ಕೆ ಕುಳಿತೆ. ನಳಿಗೆಯ ಸುತ್ತ ಟೇಪ್ ಅಂಟಿಸಿ ಮರದ ತುಂಡಿನ ಮೇಲಿಟ್ಟೆ. ಸೈಟನ್ನು ಹಿಡಿದಿರುವುದು ಅಡ್ಡಕ್ಕೆ ಹೊಡೆದ ಒಂದು ಸಣ್ಣ ಪಿನ್. ಪಂಚ್ ಇಟ್ಟು ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಹೊರಬಂತು.

ಹೊಸ ಸೈಟಿನ ಬುಡ ನಳಿಗೆಯ ಮೇಲಿನ ಸೀಳಿಗೆ ಬಿಗಿಯಾಯಿತು. ಬುಡಕ್ಕೆ ಮಾರ್ಕರಿನ ಮಸಿ ಬಳಿದು ಸೀಳಿಗೆ ಒತ್ತಿ ತೆಗೆದರೆ, ತಾಗುವ ಕಡೆ ಮಸಿ ಉಜ್ಜಿಹೋಗಿ ಉಕ್ಕು ಹೊಳೆಯುತ್ತದೆ. ಅಷ್ಟನ್ನೇ ಸಣ್ಣ ಅರದಿಂದ ಉಜ್ಜಬೇಕು, ಮತ್ತೆ ಮಸಿ ಬಳಿದು ನೋಡಬೇಕು. ಅರ ತಾಗಬೇಕಾದ್ದು ಹೊಸ ಸೈಟಿಗೆ ಮಾತ್ರ. ಸೈಟ್ ಕೆಟ್ಟರೆ ಇನ್ನೊಂದು ತರಿಸಬಹುದು, ನಳಿಗೆ ಕೆಟ್ಟರೆ ಹಾಗಲ್ಲ. ಕೊನೆಗೆ ಹೆಬ್ಬೆರಳಿನ ಒತ್ತಿಗೆ ಅಲುಗಾಡದೆ ಕುಳಿತಿತು. ನಳಿಗೆಯ ತೂತಿನ ಮೂಲಕವೇ ಗುರುತು ಮಾಡಿ, ಹೊರತೆಗೆದು ವೈಸಿನಲ್ಲಿ ಹಿಡಿದು ತೂತು ಕೊರೆದೆ. ಹೊಸ ಪಿನ್ ಹೊಡೆದು ತುದಿಗಳನ್ನು ಮಟ್ಟಮಾಡಿದೆ.

ಆಗಸ್ಟ್ 30, ಶನಿವಾರ

ರೇಂಜಿನಲ್ಲಿ 25 ಗಜಕ್ಕೆ ಹಲಗೆ ಇಟ್ಟು, ನಾನು ಯಾವಾಗಲೂ ಬಳಸುವ 158 ಗ್ರೇನಿನ .38 ಸ್ಪೆಷಲ್ ತೋಟಾದಲ್ಲೇ ಹೊಡೆದೆ. ಗುಂಡಿನ ತೂಕ ಬದಲಾದರೆ ಹಲಗೆಯ ಮೇಲೆ ಅದು ತಾಗುವ ಎತ್ತರವೂ ಬದಲಾಗುತ್ತದೆ. ಗುಂಡುಗಳು ಒತ್ತಾಗಿ ಬಿದ್ದವು, ಆದರೆ 3 ಇಂಚು ಕೆಳಗೆ. ಮುಂದಿನ ಸೈಟ್ ಎತ್ತರವಾದಷ್ಟೂ ಗುಂಡು ಕೆಳಗೆ ಹೋಗುತ್ತದೆ. ನಾನು ಬೇಕೆಂದೇ ಬಿಟ್ಟುಕೊಂಡಿದ್ದ ಎತ್ತರ ಅದು.

ಲೆಕ್ಕ ಸುಲಭ. ಎರಡು ಸೈಟುಗಳ ನಡುವಿನ ಅಂತರ 7.5 ಇಂಚು, ಹಲಗೆಯ ದೂರ 900 ಇಂಚು. 3ನ್ನು 7.5ರಿಂದ ಗುಣಿಸಿ 900ರಿಂದ ಭಾಗಿಸಿದರೆ 0.025 ಇಂಚು, ಅಂದರೆ ಸುಮಾರು 0.6 ಮಿಲಿಮೀಟರ್. ಹಿಂದಿನ ಸೈಟನ್ನು ಹಾಗೇ ಬಿಟ್ಟರೆ ಮುಂದಿನದನ್ನು ತಗ್ಗಿಸಬೇಕಾದ್ದು ಇಷ್ಟೇ. ಉಜ್ಜಿದ್ದನ್ನು ಮತ್ತೆ ಬೆಳೆಸಲಾಗದು. ಅರ್ಧ ತೆಗೆದು ಮತ್ತೆ ಹೊಡೆದು ನೋಡುವುದೇ ಸರಿ.

ಸೆಪ್ಟೆಂಬರ್ 3, ಬುಧವಾರ

ಇಂದು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಕೊಡಗಿನ ವಿರಾಜಪೇಟೆಯ ಮನೆಗೆ ಫೋನ್ ಮಾಡಿದೆ. ಕೋವಿಯ ಬಾಯಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮುಗಿಸಿದ್ದರು. ಅಪ್ಪನ ಕೋವಿಗೆ ಹಿಂದಿನ ಸೈಟೇ ಇಲ್ಲ, ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆ ಮಣಿ, ಅಷ್ಟೇ. “ಕೆನ್ನೆ ಸರಿಯಾಗಿ ಕೂತರೆ ಕಣ್ಣೇ ಹಿಂದಿನ ಸೈಟು ಮಗಾ” ಎಂದರು ಅಪ್ಪ. ರಿವಾಲ್ವರಿಗೆ ಕೆನ್ನೆಯ ಆಸರೆಯಿಲ್ಲ. ಇಲ್ಲಿ ಎರಡೂ ಸೈಟುಗಳು ನನ್ನ ಕಣ್ಣಿಗೆ ಒದಗಬೇಕು. ಶನಿವಾರ 0.3 ಮಿಲಿಮೀಟರ್ ಉಜ್ಜುತ್ತೇನೆ.