ತೊಪ್ಪೂರು ಘಟ್ಟದಲ್ಲಿ ಮೈಸೂರು ಜಾವಾ

ಸೇಲಂ ನಗರವನ್ನು ಬಿಟ್ಟು ಉತ್ತರಕ್ಕೆ ಹೊರಟವರಿಗೆ ಓಮಲೂರು ದಾಟಿದ ಮೇಲೆ ಬಯಲು ಸರಿದು ಗುಡ್ಡಗಳು ಎದುರಾಗುತ್ತವೆ. ಅವುಗಳ ನಡುವಿನ ಏರುದಾರಿಯೇ ತೊಪ್ಪೂರು ಘಟ್ಟ. ಅದನ್ನು ಹತ್ತಿ ಮುಂದೆ ಸಾಗಿದರೆ ಧರ್ಮಪುರಿ. 1965ರವರೆಗೆ ಸೇಲಂ ಜಿಲ್ಲೆಗೆ ಸೇರಿದ್ದು, ಆ ಬಳಿಕ ತಾನೇ ಒಂದು ಜಿಲ್ಲೆಯ ಕೇಂದ್ರವಾದ ಊರು. ನೊಳಂಬರ ಕಾಲದ ಕನ್ನಡ ಶಾಸನಗಳು ಇಲ್ಲಿ ದೊರೆತಿವೆ. 1792ರಲ್ಲಿ ಟಿಪ್ಪು ಸುಲ್ತಾನನು ಆಂಗ್ಲರಿಗೆ ಬಿಟ್ಟುಕೊಡುವ ತನಕ ಈ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಮೈಸೂರಿನಲ್ಲಿ ಹುಟ್ಟಿದ ಮೋಟಾರ್ ಸೈಕಲ್ಲನ್ನೇರಿ ಈ ದಾರಿಯಲ್ಲಿ ಸಾಗುವಾಗ ಪರಸ್ಥಳಕ್ಕೆ ಬಂದಂತೆ ನಮಗೆಂದೂ ಅನಿಸಿದ್ದಿಲ್ಲ.

ನಮ್ಮದು 250 ಸಿಸಿಯ ಹಳೆಯ ಜಾವಾ. 1961ರಲ್ಲಿ ಆರಂಭಗೊಂಡ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ವಾಹನಗಳನ್ನು ಹೊರತಂದು 1996ರಲ್ಲಿ ಮುಚ್ಚಿತು. ಈಗ ಹೊಸೂರಿನಲ್ಲಿ ತಯಾರಾಗುವ ಬೈಕುಗಳಲ್ಲಿ ಕಿಡಿಯ ಹೊಣೆಯನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಹೊತ್ತಿರುತ್ತದೆ. ಅದು ಕೆಟ್ಟರೆ ಬದಲಿಸುವುದೊಂದೇ ದಾರಿ. ಜಾವಾದಲ್ಲಾದರೋ ಕಿಡಿ ಹುಟ್ಟುವ ಬಗೆಯನ್ನು ಕಣ್ಣಾರೆ ಕಾಣಬಹುದು. 6 ವೋಲ್ಟ್ ಬ್ಯಾಟರಿಯ ವಿದ್ಯುತ್ತು ಕಾಯಿಲಿನ ಒಂದು ಸುತ್ತಿನಲ್ಲಿ ಹರಿಯುತ್ತಿರುತ್ತದೆ. ಎಂಜಿನ್ನಿನ ಬಲಮಗ್ಗುಲಲ್ಲಿರುವ ಪಾಯಿಂಟ್ ತೆರೆದೊಡನೆ ಆ ಹರಿವು ಕಡಿದು, ಅದೇ ಕ್ಷಣದಲ್ಲಿ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಪಾಯಿಂಟಿನಲ್ಲಿಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರ್ ಎಂಬ ಪುಟ್ಟ ಡಬ್ಬಿ.

ಕಳೆದ ಕಾರ್ತಿಕದ ಒಂದು ಸಂಜೆ ಸೇಲಂನಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿ ಮನೆಯವರನ್ನು ಹಿಂದೆ ಕೂರಿಸಿಕೊಂಡು ಮರಳುತ್ತಿದ್ದೆವು. ಘಟ್ಟದ ನಡುವೆ ಎಂಜಿನ್ ಎರಡು ಬಾರಿ ಕೆಮ್ಮಿ ನಿಂತಿತು. ಲಾರಿಗಳ ಅಪಘಾತಕ್ಕೆ ಹೆಸರಾದ ತಾಣವದು. ಹೊತ್ತು ಮುಳುಗುತ್ತಿತ್ತು, ಹೊರೆ ಹೊತ್ತ ಲಾರಿಗಳು ಮೈಗೆ ಗಾಳಿ ಬಡಿಯುವಷ್ಟು ಸಮೀಪದಲ್ಲಿ ಏರುತ್ತಿದ್ದವು. ಗಾಡಿಯನ್ನು ರಸ್ತೆಯಿಂದ ಆದಷ್ಟು ದೂರ ತಳ್ಳಿ ನಿಲ್ಲಿಸಿದೆವು.

ಪ್ಲಗ್ ಬಿಚ್ಚಿದರೆ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಎಂದರೆ ಪೆಟ್ರೋಲಿನ ಕೊರತೆಯಿಲ್ಲ. ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿಯಲ್ಲಿ ಪ್ಲಗ್ ಮಸಿಗಟ್ಟುವುದು ಸಾಮಾನ್ಯವಾದ್ದರಿಂದ ಬೇರೊಂದನ್ನು ತಂತಿಗೆ ಸಿಕ್ಕಿಸಿ, ಸಿಲಿಂಡರಿಗೆ ತಾಗಿಸಿ ಕಿಕ್ ಮಾಡಿದೆವು. (ಪ್ಲಗ್ಗಿನ ರಂಧ್ರದಿಂದ ದೂರದಲ್ಲಿಯೇ ಇದನ್ನು ಮಾಡತಕ್ಕದ್ದು, ಪೆಟ್ರೋಲ್ ಆವಿಗೆ ಬೆಂಕಿ ತಗಲಬಹುದು.) ನೀಲಿಯ ಗಟ್ಟಿ ಕಿಡಿ ಬರಬೇಕಾದಲ್ಲಿ ಕೆಂಪು ಎಳೆಯೊಂದು ಬಂದು ಹೋಯಿತು. ಪ್ಲಗ್ಗಿನ ಟೋಪಿಯನ್ನು ತೆಗೆದು ಬರಿಯ ತಂತಿಯಿಂದ ನೋಡಿದರೂ ಅಷ್ಟೇ. ಹಾರನ್ ಗಟ್ಟಿಯಾಗಿ ಕೂಗಿದ್ದರಿಂದ ಬ್ಯಾಟರಿಯ ಮೇಲೂ ಸಂಶಯ ಉಳಿಯಲಿಲ್ಲ.

ಬಲಗಡೆಯ ಮುಚ್ಚಳ ತೆಗೆದೆವು. ಪಾಯಿಂಟಿನ ಅಂತರ 0.4 ಮಿಲಿಮೀಟರ್ ಸರಿಯಾಗಿಯೇ ಇತ್ತು. ಆದರೆ ಅದರ ಮುಖ ಸುಟ್ಟು ಕಪ್ಪಾಗಿತ್ತು. ಟಾರ್ಚ್ ಆರಿಸಿ ಮತ್ತೆ ಕಿಕ್ ಮಾಡಿದಾಗ, ಬಗ್ಗಿ ನೋಡುತ್ತಿದ್ದ ಮನೆಯವರು, "ಅಲ್ಲೇ ಬೆಂಕಿ ಹಾರ್ತಾ ಇದೆಯಲ್ರೀ!" ಎಂದರು. ರೋಗ ಪತ್ತೆಯಾದದ್ದು ಹಾಗೆ. ಪ್ಲಗ್ಗಿಗೆ ಸೇರಬೇಕಾದ ಶಕ್ತಿಯು ಪಾಯಿಂಟಿನಲ್ಲಿಯೇ ಉರಿದು ಮುಗಿಯುತ್ತಿತ್ತು. ಕಾಯಿಲ್ ಕೆಟ್ಟರೂ ಬಿಸಿಯಾದಾಗ ಎಂಜಿನ್ ನಿಲ್ಲುವುದುಂಟು. ಆದರೆ ಈ ಹಳದಿ ಬೆಂಕಿ ಕಂಡೆನ್ಸರಿನ ಗುರುತು.

ಪಾಯಿಂಟನ್ನು ಉಜ್ಜಿ, ಅರ್ಧ ಗಂಟೆ ಆರಲು ಬಿಟ್ಟ ಮೇಲೆ ಗಾಡಿ ಹೊರಟಿತು. ಘಟ್ಟದ ನೆತ್ತಿಯಲ್ಲಿ ಮತ್ತೆ ನಿಂತಿತು. ಅಲ್ಲಿಂದ ತಳ್ಳುತ್ತ ಸೇರಿದ್ದು ರಸ್ತೆಬದಿಯ ಒಂದು ಮೆಕ್ಯಾನಿಕ್ ಅಂಗಡಿ. ನಾವು ತಮಿಳಿನಲ್ಲಿ ವಿವರಿಸತೊಡಗಿದರೆ, ನಮ್ಮಿಬ್ಬರ ಮಾತು ಕೇಳಿದ್ದ ಆತ ಕನ್ನಡದಲ್ಲಿಯೇ, "ಬುಡಿ ಸಾರ್, ಮೈಸೂರು ಗಾಡಿ ನಂಗೊತ್ತು" ಎಂದ. ಪೆನ್ನಾಗರಂ ಕಡೆಯವನಂತೆ, ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು. ಅಂಥವರು ಈ ಸೀಮೆಯಲ್ಲಿ ಎಷ್ಟು ಮಂದಿಯೋ!

ಜಾವಾದ ಕಂಡೆನ್ಸರ್ ಅವನ ಬಳಿ ಇರಲಿಲ್ಲ. ಹಳೆಯ ಅಂಬಾಸಿಡರ್ ಕಾರಿನದೊಂದನ್ನು ಹುಡುಕಿ ತಂದ. ಎಂಜಿನ್ನಿನ ಕಾವು ತಾಗದಂತೆ ಅದನ್ನು ಹೊರಗೆ ಚೌಕಟ್ಟಿಗೆ ಬಿಗಿದು, ಹಳೆಯದರ ಸಂಪರ್ಕ ತಪ್ಪಿಸಿ, ಹೊಸದರ ತಂತಿಯನ್ನು ಪಾಯಿಂಟಿಗೆ ಜೋಡಿಸಿದ. ಒಂದೇ ಕಿಕ್ಕಿಗೆ ಎಂಜಿನ್ ಎಚ್ಚೆತ್ತಿತು. ನೂರು ರೂಪಾಯಿ ಕೊಟ್ಟರೆ ಐವತ್ತನ್ನು ಹಿಂದಿರುಗಿಸಿ, "ಅಮ್ಮಾವ್ರು ಕುಂತವ್ರೆ, ನಿಧಾನ ಓಗಿ" ಎಂದ. ಧರ್ಮಪುರಿ, ಕೃಷ್ಣಗಿರಿ ದಾಟಿ ಮನೆ ಸೇರುವ ತನಕ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಆ ಕಂಡೆನ್ಸರನ್ನು ನಾವು ಇನ್ನೂ ಬದಲಿಸಿಲ್ಲ.