ಹೊಳೆಯಲ್ಲಿ ಹುಣಿಸೆಹಣ್ಣು

ಎಪ್ಪತ್ತನಾಲ್ಕು ತುಂಬಿದ ಮೇಲೆ, ಹರಿಹರದ ಹೊಳೆಯ ದಂಡೆಯಲ್ಲಿ ಕುಳಿತು ದೋಣಿಯೊಂದು ಕುಡಿಯುವ ಪೆಟ್ರೋಲನ್ನು ಅಳೆಯುವ ಕೆಲಸವು ನನಗೆ ಒದಗಿಬಂದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆ ಮೂವತ್ತು ವರ್ಷ ನಿಂತವನು ನಾನು. ದಾವಣಗೆರೆಯ ಮನೆಯಿಂದ ಅಲ್ಲಿಗೆ ೧೪ ಕಿಲೋಮೀಟರು. ದಿನವೂ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಹೊಳೆಯನ್ನು ಕಂಡದ್ದೆಲ್ಲ ಸೇತುವೆಯ ಮೇಲಿನಿಂದಲೇ.

ಒಂದು ಸಂಜೆ ನನ್ನ ಕೈಕೆಳಗೆ ಕೆಲಸ ಕಲಿತಿದ್ದ ಗೆಳೆಯನ ಹೆಂಡತಿ ನಮ್ಮ ಮನೆಗೆ ಬಂದಳು. ಗೆಳೆಯನು ತೀರಿಕೊಂಡು ಆರು ವರ್ಷಗಳಾಗಿದ್ದವು. ಮಗನು ತುಂಗಭದ್ರೆಯಲ್ಲಿ ಮೀನು ಹಿಡಿಯುತ್ತಾನೆ. ಹರಿಗೋಲಿನಿಂದ ಸಾಲದೆಂದು ಹದಿನಾರು ಅಡಿಯ ಫೈಬರ್ ದೋಣಿಯನ್ನೂ, ಅದರ ಹಿಂಬದಿಗೆ ತೂಗುಹಾಕುವ ಎಂಟು ಕುದುರೆಬಲದ ಎಂಜಿನ್ನನ್ನೂ ಕೊಂಡಿದ್ದ. ಅದಕ್ಕಾಗಿ ತಾಯಿಯ ಬಳೆಗಳು ಬ್ಯಾಂಕು ಸೇರಿದ್ದವು.

"ಅಣ್ಣಾ, ಮೀನು ಮಾರಿದ ದುಡ್ಡೆಲ್ಲ ಪೆಟ್ರೋಲಿಗೇ ಹೋಗ್ತದೆ. ಬಡ್ಡಿ ಕಟ್ಟೋದಕ್ಕೂ ಉಳಿಯೋದಿಲ್ಲ. ಎಂಜಿನ್ ಮಾರಿಬಿಡ್ತೀನಿ ಅಂತಾನೆ. ನೀವೊಮ್ಮೆ ಬಂದು ನೋಡಿ" ಎಂದಳು. ಕೊಂಡ ಬೆಲೆಯ ಅರ್ಧಕ್ಕೆ ಮಾರಿದರೆ ಬಳೆಗಳೂ ಹೋದಂತೆಯೇ ಎಂಬುದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಒಂದು ಅಳತೆಯ ಪಾತ್ರೆ, ಕೈಗಡಿಯಾರ, ಒಂದು ನೋಟುಪುಸ್ತಕ ಹಿಡಿದು ಹೊರಟೆ. ಹುಡುಗನು, "ದೊಡ್ಡಪ್ಪಾ, ಎಂಜಿನ್ನೇ ಸರಿಯಿಲ್ಲ" ಎಂದು ಮೊದಲೇ ತೀರ್ಪು ಕೊಟ್ಟುಬಿಟ್ಟ. ನಾನು ಬಿಚ್ಚಲು ಹೋಗಲಿಲ್ಲ. ಕಾಯಿಲೆ ತಿಳಿಯದೆ ಹೊಟ್ಟೆ ಕೊಯ್ಯುವುದು ವೈದ್ಯನ ಲಕ್ಷಣವಲ್ಲ. ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿಸಿ, ಬಲೆ ಬಿಡುವ ಸ್ಥಳದವರೆಗೆ, ಎಂದರೆ ಹೊಳೆಯ ಮೇಲಕ್ಕೆ ಸುಮಾರು ಎರಡು ಕಿಲೋಮೀಟರು ಹೋಗಿ ಹಿಂತಿರುಗುವಂತೆ ಹೇಳಿದೆ. ಹೋಗುವಾಗ ಪ್ರವಾಹವು ಎದುರು, ಬರುವಾಗ ಬೆನ್ನಿಗೆ. ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕಲ್ಲವೇ? ಅವನು ತನ್ನ ವಾಡಿಕೆಯಂತೆ ಕೈಯನ್ನು ಪೂರ್ತಿ ತಿರುವಿ ಹೋದ. ೨೨ ನಿಮಿಷಗಳಲ್ಲಿ ಬಂದ. ಮತ್ತೆ ಗುರುತಿನವರೆಗೆ ತುಂಬಲು ೧.೪ ಲೀಟರು ಹಿಡಿಯಿತು.

ಎರಡನೆಯ ಸಲ ನಾನೂ ಹತ್ತಿದೆ. (ನನಗೆ ಈಜು ಬಾರದೆಂಬ ಸಂಗತಿಯನ್ನು ಮನೆಯಲ್ಲಿ ಯಾರಿಗೂ ನೆನಪಿಸಿರಲಿಲ್ಲ.) ವೇಗವನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ಇರಿಸಲು ಹೇಳಿದೆ. ೨೯ ನಿಮಿಷಗಳಾದವು, ಪೆಟ್ರೋಲು ೦.೮೫ ಲೀಟರು! ಏಳು ನಿಮಿಷಗಳ ಅವಸರಕ್ಕೆ ಅರ್ಧ ಲೀಟರಿಗೂ ಮಿಕ್ಕಿ ಹೊಳೆಯಲ್ಲಿ ಹುಣಿಸೆಹಣ್ಣಾಗುತ್ತಿತ್ತು.

ಇದರ ಮರ್ಮವು ಎಂಜಿನ್ನಿನಲ್ಲಿಲ್ಲ, ನೀರಿನಲ್ಲಿದೆ. ೧೮೭೦ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕೀ ಎಂಬ ಊರಿನಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರನು ಉದ್ದನೆಯ ತೊಟ್ಟಿಯೊಂದರಲ್ಲಿ ಮೇಣದ ಪುಟ್ಟ ಹಡಗುಗಳನ್ನು ಎಳೆಸಿ ಈ ವಿಷಯವನ್ನು ಶೋಧಿಸಿದನು. ದೋಣಿಯು ಚಲಿಸುವಾಗ ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದವು ದೋಣಿಯ ಉದ್ದಕ್ಕೆ ಸಮನಾದಾಗ ಮೂತಿ ಮೇಲೆದ್ದು ಹಿಂಬದಿ ಕುಸಿದು, ದೋಣಿಯು ತಾನೇ ಕಟ್ಟಿದ ದಿಬ್ಬವನ್ನು ಹತ್ತತೊಡಗುತ್ತದೆ. ಹದಿನಾರು ಅಡಿಯ ದೋಣಿಗೆ ಈ ಗಡಿಯು ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು. ಹಗುರವಾದ ದೋಣಿಗೆ ಬಲವಾದ ಎಂಜಿನ್ ಇದ್ದರೆ ಆ ದಿಬ್ಬವನ್ನು ದಾಟಿ ನೀರಿನ ಮೇಲೆ ಜಾರಿಕೊಂಡು ಓಡೀತು. ಬಲೆ, ಮೀನು, ಮಂಜುಗಡ್ಡೆ ಹೊತ್ತ ಇದಕ್ಕೆ ಅದು ಆಗದ ಮಾತು. ಹತ್ತುತ್ತಲೇ ಇರುತ್ತದೆ, ದಾಟುವುದೇ ಇಲ್ಲ.

ಉಳಿದ ದೋಷಗಳು ಒಂದೊಂದಾಗಿ ಕಣ್ಣಿಗೆ ಬಿದ್ದವು. ಹಿಡಿಕೆಯು ಹಿಂಬದಿಯಲ್ಲಿರುವುದರಿಂದ ಹುಡುಗನು ಅಲ್ಲಿ ಕುಳಿತುಕೊಳ್ಳಲೇಬೇಕು. ಆದರೆ ಪೆಟ್ರೋಲಿನ ಡಬ್ಬಿ, ಒದ್ದೆ ಬಲೆ, ಮೀನಿನ ಬುಟ್ಟಿಗಳೂ ಅಲ್ಲಿಯೇ ಏಕೆ? ಅವನ್ನು ಮುಂದಕ್ಕೆ ಸರಿಸಿದೊಡನೆ ಮೂತಿ ತಗ್ಗಿತು. ತಳದಲ್ಲಿ ನಿಂತ ನೀರನ್ನು ಮೊಗೆದು ಚೆಲ್ಲಿಸಿದೆ. ಲೀಟರು ನೀರೆಂದರೆ ಒಂದು ಕಿಲೋ ಭಾರವಷ್ಟೆ. ದೋಣಿಯನ್ನು ಮಗುಚಿದಾಗ ಹೊರಮೈಯಲ್ಲಿ ಬೆರಳು ಜಾರುವಷ್ಟು ಪಾಚಿ. ಎರಡು ಸ್ಟ್ರೋಕಿನ ಆ ಎಂಜಿನ್ನಿಗೆ ಲೀಟರಿಗೆ ೨೦ ಮಿಲಿಲೀಟರು ಎಣ್ಣೆ ಬೆರೆಸಬೇಕೆಂದು ಅದರ ಕೈಪಿಡಿಯಲ್ಲಿಯೇ ಅಚ್ಚಾಗಿತ್ತು. ಇವನು ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದ. ಪ್ಲಗ್ಗು ಮಸಿಯ ಮುದ್ದೆಯಾಗಿತ್ತು.

ನನ್ನ ಕೈಗೆ ನಿಜವಾದ ಕೆಲಸ ಕೊಟ್ಟದ್ದು ಪ್ರೊಪೆಲ್ಲರು. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಬಂಡೆಗೆ ತಗುಲಿ ಅದರ ಮೂರು ಅಲಗುಗಳ ಅಂಚೂ ಗರಗಸದಂತಾಗಿತ್ತು. ದಾವಣಗೆರೆಗೆ ತಂದು, ಹಳೆಯ ಅರವನ್ನು ಹುಡುಕಿ ತೆಗೆದು, ಎರಡು ದಿನ ಹಿತ್ತಿಲಿನಲ್ಲಿ ಕುಳಿತು ಮೂರನ್ನೂ ಒಂದೇ ಸಮನಾಗಿ ಉಜ್ಜಿದೆ. ಒಂದು ಅಲಗು ಕಡಮೆಯಾದರೂ ನಡುಕ ಹುಟ್ಟುತ್ತದೆ. ನನ್ನಾಕೆಯು, "ನಿಮ್ಮ ಮುಖದಲ್ಲಿ ಇಷ್ಟು ಕಳೆ ನೋಡಿ ಎಷ್ಟು ವರ್ಷವಾಯಿತು!" ಎಂದಳು. ನಾನು ಉತ್ತರಿಸಲಿಲ್ಲ.

ಇದೆಲ್ಲ ಮುಗಿದ ಮೇಲೆ ಅದೇ ದಾರಿಗೆ, ಅದೇ ನಿಧಾನಕ್ಕೆ, ೦.೭ ಲೀಟರು. ಮೊದಲಿನ ಅರ್ಧ! ದಿನಕ್ಕೆ ಎರಡು ಸಲ ಹೋಗುವವನಿಗೆ ೧.೪ ಲೀಟರಿನ ಉಳಿತಾಯ.

ಹುಡುಗನಿಗೆ ಸಂತೋಷವಾಗಲಿಲ್ಲ. "ಸೇತುವೆ ಮೇಲಿಂದ ನೋಡೋರು ಎಮ್ಮೆ ಹೋದ ಹಾಗಿದೆ ಅಂತಾರೆ" ಎಂದ. ೧೯೦೯ರಲ್ಲಿ ಇಂಥ ಎಂಜಿನ್ನನ್ನು ಮಾರುಕಟ್ಟೆಗೆ ತಂದ ಅಮೆರಿಕದ ಓಲೆ ಎವಿನ್ರೂಡನು, ಪ್ರೇಯಸಿಗಾಗಿ ಹುಟ್ಟುಹಾಕಿ ತಂದ ಐಸ್‌ಕ್ರೀಮು ದಾರಿಯಲ್ಲಿಯೇ ಕರಗಿದ್ದರಿಂದ ಅದನ್ನು ಕಂಡುಹಿಡಿದನೆಂದು ಕಥೆಯಿದೆ. ಎಂಜಿನ್ನಿನ ಹುಟ್ಟಿನಲ್ಲಿಯೇ ಅವಸರವಿರುವಾಗ ಇಪ್ಪತ್ತೆರಡರ ಹುಡುಗನನ್ನು ಹೇಗೆ ಬಯ್ಯಲಿ? ಆದರೆ ಅವನ ಇನ್ನೊಂದು ಆಕ್ಷೇಪವು ನ್ಯಾಯವಾಗಿತ್ತು. ಮಳೆಗಾಲದಲ್ಲಿ ಹೊಳೆಯು ಗಂಟೆಗೆ ಐದು ಕಿಲೋಮೀಟರು ಹರಿಯುವಾಗ, ಎದುರಿಗೆ ಎಂಟರಲ್ಲಿ ಹೋದರೆ ನಿಜವಾಗಿ ಸಾಗುವುದು ಮೂರೇ. ಆಗ ನನ್ನ ಲೆಕ್ಕವು ನಡೆಯದು. ತುಸು ಜೋರಾಗಿಯೇ ಹೋಗಬೇಕು. ಅದನ್ನೂ ಪುಸ್ತಕದಲ್ಲಿ ಬರೆಸಿದೆ. ತುಂಗೆ ಭದ್ರೆಗಳೆರಡೂ ತುಂಬಿ ಬಂದ ದಿನ ದೋಣಿಯನ್ನೇ ಇಳಿಸಕೂಡದೆಂದು ಅವನ ತಾಯಿಯು ಬರೆಸಿದಳು.

ಕಳೆದ ತಿಂಗಳು ಆಕೆ ಪುನಃ ಬಂದಿದ್ದಳು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲವೆಂದು ಒಂದು ಪೊಟ್ಟಣ ಖಾರ ಮಂಡಕ್ಕಿ ತಂದಿದ್ದಳು. ಬಡ್ಡಿ ಕಟ್ಟಿದೆಯಂತೆ, ಅಸಲು ಇನ್ನೂ ಇದೆ, ಬಳೆಗಳು ಬ್ಯಾಂಕಿನಲ್ಲಿಯೇ ಇವೆ. ನೋಟುಪುಸ್ತಕವನ್ನೂ ತೋರಿಸಿದಳು. ದಿನವೂ ಅಂಕಿ ಬರೆದಿದ್ದಾನೆ: ೦.೭, ೦.೭, ೦.೭೫. ನಡುವೆ ಒಂದು ಭಾನುವಾರ ಮಾತ್ರ ೧.೩. ಅದರ ಮುಂದೆ ಸಣ್ಣ ಅಕ್ಷರದಲ್ಲಿ, "ಗೆಳೆಯರು ಬಂದಿದ್ದರು."