ಆವರಣದೊಳಗಿನ ಅಂಕಿ

ಕ್ರೀಡಾಪುಟದ ಬುಡದಲ್ಲಿ ಇರುವೆಸಾಲಿನಂತೆ ಅಚ್ಚಾಗುವ ಟೆನಿಸ್ ಸ್ಕೋರುಗಳನ್ನು ಬೆರಳಿಟ್ಟು ಓದುವುದು ನನ್ನ ಹಳೆಯ ಅಭ್ಯಾಸ. ಅದರಲ್ಲೂ ಆವರಣದೊಳಗಿನ ಪುಟ್ಟ ಅಂಕಿಯೆಂದರೆ ಅಕ್ಕರೆ. 7-6 (5) ಎಂದಿದ್ದರೆ ಆ ಐದು, ಟೈಬ್ರೇಕಿನಲ್ಲಿ ಸೋತವನದು. ಗೆದ್ದವನ ಪಾಯಿಂಟನ್ನು ಬರೆಯುವುದಿಲ್ಲ, ನಾವೇ ಲೆಕ್ಕ ಹಾಕಿಕೊಳ್ಳಬೇಕು. ಸೋತವನು ಎಲ್ಲಿಯ ತನಕ ಬಂದಿದ್ದ ಎಂಬುದನ್ನು ಮಾತ್ರ ಜೋಪಾನವಾಗಿ ಬರೆದಿಡುತ್ತಾರೆ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ದಾಖಲೆಯನ್ನೂ ನಾನು ಹೀಗೇ ಓದುತ್ತೇನೆ. 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್. ಜೊತೆಗೆ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ, ಎದುರಿಗೆ ಬ್ರಯಾನ್ ಅವಳಿಗಳು. 6-7 (5), 6-7 (4). ಎರಡೂ ಟೈಬ್ರೇಕ್ ಕೂಡಿಸಿದರೆ ಅಂತರ ಐದೇ ಪಾಯಿಂಟು. ಐದು ಪಾಯಿಂಟೆಂದರೆ ಎಷ್ಟು ಹೊತ್ತು? ಹಾಲು ಉಕ್ಕುವುದರೊಳಗೆ ಮುಗಿದುಹೋಗುತ್ತದೆ. ದಾಖಲೆಯಲ್ಲಿ ಮಾತ್ರ ಅದು ‘ರನ್ನರ್ ಅಪ್’ ಎಂದು ಕಾಯಂ ಆಗಿ ಉಳಿಯಿತು.

ಸಿಂಗಲ್ಸ್‌ನಲ್ಲಿ ಅವರು ಏರಿದ್ದು 213ನೇ ರ‍್ಯಾಂಕಿನ ತನಕ. ಆ ಅಂಕಿ ನೋಡಿ ಯಾರಾದರೂ ಮುಖ ಸಿಂಡರಿಸಿದರೆ ನನಗೆ ಸಂಕಟವಾಗುತ್ತದೆ. ಸರ್ವಿಗೆ ಬಲ ಬರಲೆಂದು ಕೊಡಗಿನಲ್ಲಿ ಸೌದೆ ಸೀಳಿದ್ದು, ದಮ್ಮಿಗಾಗಿ ಕಾಫಿ ತೋಟಗಳಲ್ಲಿ ಓಡಿದ್ದು, ಇವನ್ನೆಲ್ಲ 2025ರ ನವೆಂಬರಿನಲ್ಲಿ ವಿದಾಯ ಹೇಳುವಾಗ ಅವರೇ ನೆನೆದರು. ಕೊಡಲಿ ಎತ್ತಿ ಇಳಿಸುವ ಆ ತೋಳು ಸರ್ವಿಗೆ ಎತ್ತಿದ ತೋಳೇ ಅಲ್ಲವೆ?

2017ರಲ್ಲಿ ಪ್ಯಾರಿಸ್, ಫ್ರೆಂಚ್ ಓಪನ್. ಗೇಬ್ರಿಯೆಲಾ ಡಬ್ರೋವ್ಸ್ಕಿ ಜೊತೆ ಮಿಶ್ರ ಡಬಲ್ಸ್ ಫೈನಲ್ ಗೆದ್ದದ್ದು 2-6, 6-2, 12-10ರಿಂದ. ಎದುರಾಳಿಗಳ ಕೈಯಲ್ಲಿದ್ದ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು! ಆ ಎರಡು ಉಸಿರುಗಟ್ಟಿದ ಗಳಿಗೆಗಳ ಗುರುತು ಸ್ಕೋರಿನಲ್ಲಿ ಎಲ್ಲೂ ಇಲ್ಲ.

ಆಮೇಲೆ 2024ರ ಜನವರಿ 27, ಮೆಲ್ಬರ್ನ್, ಆಸ್ಟ್ರೇಲಿಯಾ ಓಪನ್ ಡಬಲ್ಸ್ ಫೈನಲ್. ವಯಸ್ಸು 43. ಮ್ಯಾಥ್ಯೂ ಎಬ್ಡೆನ್ ಜೊತೆಗಾರ. ಮೊದಲ ಸೆಟ್ ಮತ್ತೆ ಟೈಬ್ರೇಕಿಗೆ ಹೋದಾಗ ನನಗೆ ನೆನಪಾದದ್ದು ಆ ಹಳೆಯ ಐದು ಮತ್ತು ನಾಲ್ಕು. ಟಿವಿ ಮುಂದೆ ಕೂರಲಾಗದೆ ಎದ್ದು ನಿಂತೆ. ಒಂದಾದಮೇಲೊಂದು ಏಳೂ ಪಾಯಿಂಟು ಇವರದೇ. 7-6 (0), 7-5. ಎರಡು ದಿನ ಕಳೆದು ಸೋಮವಾರ ಅವರು ಡಬಲ್ಸ್‌ನಲ್ಲಿ ಜಗತ್ತಿಗೇ ಒಂದನೇ ನಂಬರು.

ಫೈನಲ್‌ನ ಮರುದಿನದ ಪೇಪರಿನಲ್ಲಿ ಆ ಸೊನ್ನೆಯನ್ನು ಹುಡುಕಿ ಪೆನ್ನಿನಿಂದ ಸುತ್ತು ಹಾಕಿದೆ. ಹಾಕಿದ ಮೇಲೆ, ಸೊನ್ನೆ ಯಾರದೆಂದು ನೆನಪಾಯಿತು. ಇಟಲಿಯ ಬೊಲೆಲ್ಲಿ, ವಾವಸ್ಸೋರಿ. ಅಷ್ಟು ಪೆಟ್ಟು ತಿಂದೂ ಎರಡನೇ ಸೆಟ್ಟಿನಲ್ಲಿ 5-5ರ ತನಕ ಬಂದಿದ್ದರು. ಆ ಐದಕ್ಕೂ ಒಂದು ಸುತ್ತು ಹಾಕಿದೆ.